ಎಚ್ಚರಿಕೆಯ ಹಲಗೆಗಳ ಪೂರ್ವವೃತ್ತಾಂತ

ನಮ್ಮ ಪಾಠಶಾಲೆಯ ಐದನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾವು ಒಮ್ಮೆ ಕೃಷ್ಣಾ ಸ್ಟೇಷನ್ನಿನವರೆಗೆ ಹೋಗಿದ್ದೆವು. ಭೂಗೋಳದ ಪಾಠದಲ್ಲಿ ಬರುವ ನದಿಯನ್ನೂ ಅದರ ಮೇಲಿನ ರೈಲುಸೇತುವೆಯನ್ನೂ ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಆದರೆ ಮಕ್ಕಳು ನದಿಯನ್ನು ನೋಡಿದ್ದು ಕಡಮೆ. ಗೋಡೆಯ ಮೇಲೆ, ಕಂಬದ ಮೇಲೆ ಬರೆದಿದ್ದ ಎಚ್ಚರಿಕೆಯ ಮಾತುಗಳನ್ನು ಅಕ್ಷರ ಕೂಡಿಸಿ ಓದಿದ್ದೇ ಹೆಚ್ಚು. ಹಳಿಯನ್ನು ದಾಟಬಾರದು, ಚಲಿಸುವ ಗಾಡಿಯನ್ನು ಹತ್ತಬಾರದು, ಬಾಗಿಲಿನಲ್ಲಿ ನಿಲ್ಲಬಾರದು, ಬೆಂಕಿ ಹತ್ತುವ ಪದಾರ್ಥವನ್ನು ಒಯ್ಯಬಾರದು. ಇಷ್ಟೊಂದು ‘ಬಾರದು’ಗಳನ್ನು ಓದಿ ಬೇಸತ್ತ ಹುಡುಗನೊಬ್ಬನು, “ಇವನ್ನೆಲ್ಲ ಮೊದಲು ಯಾರು ಬರೆದರು ಸಾರ್? ಏನಾಗಿತ್ತು ಅಂತ ಬರೆದರು?” ಎಂದು ಕೇಳಿದನು.

ಪ್ರಶ್ನೆಯ ಮೊದಲರ್ಧಕ್ಕೆ ‘ಸರಕಾರ’ ಎಂದು ಹೇಳಿ ನಾವು ಪಾರಾದೆವು. ಎರಡನೆಯ ಅರ್ಧವು ಮಾತ್ರ ಮನೆಯವರೆಗೂ ನಮ್ಮ ಬೆನ್ನು ಹತ್ತಿ ಬಂದಿತು. ಏನಾಗಿತ್ತು? ನಮ್ಮ ಚರಿತ್ರೆಯ ಪುಸ್ತಕಗಳು ಅರಸರ ಪಟ್ಟಾಭಿಷೇಕದ ವರ್ಷವನ್ನು ತಿಳಿಸುತ್ತವೆ, ಯುದ್ಧಗಳ ತಾರೀಖನ್ನು ಬಾಯಿಪಾಠ ಮಾಡಿಸುತ್ತವೆ. ಒಂದು ನಿಯಮವು ಯಾವ ದಿನ, ಯಾವ ಊರಿನಲ್ಲಿ, ಯಾರ ಮನೆಯ ಗೋಳಾಟದ ನಡುವೆ ಹುಟ್ಟಿತೆಂಬುದನ್ನು ಅವು ಹೇಳುವುದಿಲ್ಲ. ಆ ಹುಡುಗನಿಗೆ ಅಂದು ಕೊಡಲಾಗದ ಉತ್ತರವನ್ನು, ಓದಿ ತಿಳಿದಮಟ್ಟಿಗೆ, ಇಲ್ಲಿ ಬರೆಯಲು ಯತ್ನಿಸಿದ್ದೇವೆ. ಗಾಡಿಯ ಸಂಗತಿಯೊಂದಿಗೆ ಆಸ್ಪತ್ರೆಯ ಸಂಗತಿಯೂ ಸೇರಿಕೊಂಡಿದೆ. ಗಾಡಿಯಲ್ಲಿ ಗಾಯಗೊಂಡವನು ಮುಂದೆ ಸೇರುವುದು ಆಸ್ಪತ್ರೆಯನ್ನೇ ಆದುದರಿಂದ ಇವೆರಡರ ಚರಿತ್ರೆಯನ್ನು ಬೇರೆ ಮಾಡುವುದು ಕಷ್ಟವೇ ಸರಿ.

ಉಗಿಬಂಡಿಯ ದಾರಿಯೊಂದು ತೆರೆದ ದಿನವೇ ಒಬ್ಬರ ಪ್ರಾಣವನ್ನೂ ತೆಗೆದುಕೊಂಡಿತು. ೧೮೩೦ನೆಯ ಸೆಪ್ಟೆಂಬರ್ ೧೫ರಂದು ಇಂಗ್ಲೆಂಡಿನಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುದಾರಿಯ ಪ್ರಾರಂಭೋತ್ಸವ. ಉತ್ಸವದ ಗಾಡಿಯು ದಾರಿಯಲ್ಲಿ ನೀರಿಗಾಗಿ ನಿಂತಾಗ ಗಣ್ಯರು ಕೆಳಗಿಳಿದು ಹಳಿಗಳ ಮೇಲೆ ನಿಂತು ಮಾತನಾಡತೊಡಗಿದರು. ಪಾರ್ಲಿಮೆಂಟಿನ ಸದಸ್ಯರಾದ ವಿಲಿಯಂ ಹಸ್ಕಿಸನ್ನರು ಪಕ್ಕದ ಹಳಿಯಲ್ಲಿ ಬರುತ್ತಿದ್ದ ‘ರಾಕೆಟ್’ ಎಂಬ ಇಂಜನ್ನಿನಿಂದ ತಪ್ಪಿಸಿಕೊಳ್ಳಲಾರದೆ ಕಾಲು ಜಜ್ಜಿಹೋಗಿ ಅದೇ ರಾತ್ರಿ ತೀರಿಕೊಂಡರು. ಹಳಿಯ ಮೇಲೆ ನಿಲ್ಲಬಾರದೆಂಬ ಮಾತು ಅಂದಿಗೆ ಯಾವ ಹಲಗೆಯ ಮೇಲೂ ಇರಲಿಲ್ಲ. ಕುದುರೆಗಾಡಿಯನ್ನು ಕಂಡು ಬಲ್ಲವರಿಗೆ ಉಗಿಬಂಡಿಯ ವೇಗವನ್ನು ಕಣ್ಣಿನಿಂದ ಅಳೆಯುವ ಅಭ್ಯಾಸವೇ ಇರಲಿಲ್ಲ.

ನಮ್ಮ ಉಪಾಧ್ಯಾಯಮಿತ್ರರು ಅವಶ್ಯವಾಗಿ ತಿಳಿದಿರಬೇಕಾದ ಘಟನೆಯೊಂದಿದೆ. ಅದು ನಡೆದದ್ದು ೧೮೮೯ನೆಯ ಜೂನ್ ೧೨ರಂದು, ಐರ್ಲೆಂಡಿನ ಆರ್ಮಾ ಎಂಬ ಪಟ್ಟಣದ ಸಮೀಪದಲ್ಲಿ. ಅಲ್ಲಿನ ಚರ್ಚಿನ ಭಾನುವಾರದ ಪಾಠಶಾಲೆಯವರು ಮಕ್ಕಳನ್ನು ಕಡಲತೀರದ ವಾರೆನ್‌ಪಾಯಿಂಟ್ ಎಂಬ ಊರಿಗೆ ಒಂದು ದಿನದ ವಿಹಾರಕ್ಕೆಂದು ಹೊರಡಿಸಿದರು. ಮಕ್ಕಳು, ತಾಯಿತಂದೆಗಳು, ಉಪಾಧ್ಯಾಯರು ಎಲ್ಲರೂ ಸೇರಿ ಸುಮಾರು ೯೪೦ ಮಂದಿ. ಹದಿನೈದು ಬಂಡಿಗಳು, ಅವನ್ನೆಳೆಯಲು ಒಂದೇ ಇಂಜನ್ನು. ಟಿಕೀಟಿಲ್ಲದವರು ನುಗ್ಗದಿರಲೆಂದು ಬಂಡಿಗಳ ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು. ಪಟ್ಟಣದಿಂದ ಹೊರಟೊಡನೆ ಏರು. ಒಂದೆಡೆ ಸುಮಾರು ಎಪ್ಪತ್ತೈದು ಅಡಿಗೆ ಒಂದಡಿಯಂತೆ ದಾರಿಯು ಮೇಲೇರುತ್ತದೆ. ಏರಿನ ನೆತ್ತಿಯು ಇನ್ನೇನು ಬಂತೆನ್ನುವಷ್ಟರಲ್ಲಿ ಇಂಜನ್ನು ಸೋತು ನಿಂತುಬಿಟ್ಟಿತು.

ಆಗ ಗಾಡಿಯ ಮೇಲ್ವಿಚಾರಕರು ಒಂದು ಉಪಾಯ ಹೂಡಿದರು. ಗಾಡಿಯನ್ನು ಎರಡು ತುಂಡು ಮಾಡುವುದು. ಮುಂದಿನ ಐದು ಬಂಡಿಗಳನ್ನು ಮುಂದಿನ ನಿಲ್ದಾಣದವರೆಗೆ ಒಯ್ದು ಬಿಟ್ಟು, ಇಂಜನ್ನು ಮರಳಿ ಬಂದು ಹಿಂದಿನ ಹತ್ತನ್ನು ಎಳೆಯುವುದು. ಇಲ್ಲಿ ಆ ಕಾಲದ ಬ್ರೇಕಿನ ವಿಷಯವನ್ನು ತುಸು ವಿವರಿಸಬೇಕು. ಆ ಗಾಡಿಗೆ ನಿರ್ವಾತದ ಬ್ರೇಕು ಇದ್ದಿತು. ಇಂಜನ್ನು ಕೊಳವೆಯಲ್ಲಿನ ಗಾಳಿಯನ್ನು ಹೀರಿದರೆ ಎಲ್ಲ ಬಂಡಿಗಳ ಬ್ರೇಕು ಬಿಗಿಯುತ್ತಿತ್ತು. ಕೊಳವೆಯು ಕಡಿದರೆ ಎಲ್ಲವೂ ಸಡಿಲಾಗುತ್ತಿತ್ತು. ಎಂದರೆ, ಬ್ರೇಕಿನ ಅಗತ್ಯವು ಅತ್ಯಂತ ಹೆಚ್ಚಾಗಿರುವ ಗಳಿಗೆಯಲ್ಲಿಯೇ ಅದು ಇಲ್ಲವಾಗುತ್ತಿತ್ತು. ಇದಕ್ಕೆ ಪ್ರತಿಯಾದ ಇನ್ನೊಂದು ಬಗೆಯ ಬ್ರೇಕು ಆಗಲೇ ಬಳಕೆಗೆ ಬಂದಿದ್ದಿತು. ಅದರಲ್ಲಿ ಕೊಳವೆಯು ಕಡಿದೊಡನೆ ಬ್ರೇಕು ತಾನಾಗಿ ಬೀಳುತ್ತದೆ. ಕಂಪನಿಗಳು ಖರ್ಚಿನ ಲೆಕ್ಕ ಹಾಕಿ ಅದನ್ನು ಮುಂದೂಡುತ್ತಿದ್ದವು.

ಇಂಜನ್ನಿನಿಂದ ಬೇರ್ಪಟ್ಟ ಹತ್ತು ಬಂಡಿಗಳನ್ನು ಏರಿನಲ್ಲಿ ಹಿಡಿದು ನಿಲ್ಲಿಸಲು ಉಳಿದದ್ದು ಕೊನೆಯ ಬಂಡಿಯಲ್ಲಿದ್ದ ಕೈಬ್ರೇಕು ಒಂದೇ. ಅದರ ಜತೆಗೆ ಗಾಲಿಗಳ ಅಡಿಗೆ ಕೊಟ್ಟ ಕಲ್ಲುಗಳು. ಮುಂದಿನ ಭಾಗವು ಹೊರಡುವಾಗ ಕೊಂಚ ಹಿಂದಕ್ಕೆ ಸರಿದು ಹಿಂದಿನ ಬಂಡಿಗಳಿಗೆ ತಾಗಿತು. ಕಲ್ಲುಗಳು ಪುಡಿಯಾದವು. ಹತ್ತು ಬಂಡಿಗಳೂ ಹಿಮ್ಮುಖವಾಗಿ ಉರುಳತೊಡಗಿದವು. ಒಳಗಿದ್ದವರು ಹೊರಕ್ಕೆ ನೆಗೆಯೋಣವೆಂದರೆ ಬಾಗಿಲುಗಳಿಗೆ ಬೀಗ. ಕೆಲವರು ತಾಯಂದಿರು ಮಕ್ಕಳನ್ನು ಕಿಟಕಿಗಳಿಂದ ಹೊರಕ್ಕೆ ಎಸೆದರೆಂದು ಹೇಳುತ್ತಾರೆ. ಸುಮಾರು ಒಂದೂವರೆ ಮೈಲಿ ಉರುಳಿದ ಮೇಲೆ, ಕೆಳಗಿನಿಂದ ಏರಿ ಬರುತ್ತಿದ್ದ ಮತ್ತೊಂದು ಗಾಡಿಗೆ ಅವು ಅಪ್ಪಳಿಸಿದವು. ಆ ದಾರಿಯಲ್ಲಿ ಒಂದು ಗಾಡಿ ಹೊರಟು ಇಷ್ಟು ನಿಮಿಷಗಳಾದರೆ ಇನ್ನೊಂದನ್ನು ಬಿಡಬಹುದೆಂಬುದೇ ಪದ್ಧತಿಯಾಗಿತ್ತು. ಮುಂದಿನದು ಸುರಕ್ಷಿತವಾಗಿ ದಾರಿ ತೆರವು ಮಾಡಿತೋ ಇಲ್ಲವೋ ಎಂದು ಕೇಳಿ ತಿಳಿಯುವ ಏರ್ಪಾಡು ಇರಲಿಲ್ಲ. ಎಂಬತ್ತು ಮಂದಿ ಸತ್ತರು. ಗಾಯಗೊಂಡವರು ಇನ್ನೂರಕ್ಕೂ ಮಿಕ್ಕಿ. ಅವರಲ್ಲಿ ಮಕ್ಕಳು ಅನೇಕರು.

ಅದೇ ವರ್ಷದ ಆಗಸ್ಟ್ ತಿಂಗಳು ಮುಗಿಯುವ ಮೊದಲೇ ಬ್ರಿಟಿಷ್ ಪಾರ್ಲಿಮೆಂಟು ಕಾನೂನನ್ನು ಅಂಗೀಕರಿಸಿತು. ಜನರನ್ನು ಸಾಗಿಸುವ ಪ್ರತಿಯೊಂದು ಗಾಡಿಗೂ ತಾನಾಗಿ ಬೀಳುವ ಬ್ರೇಕು ಇರಬೇಕು. ದಾರಿಯನ್ನು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಒಂದು ಗಾಡಿ ಇರುವವರೆಗೆ ಇನ್ನೊಂದನ್ನು ಬಿಡಬಾರದು. ಕೈಮರಗಳೂ ಹಳಿಯ ಕವಲುಗಳೂ ಒಂದಕ್ಕೊಂದು ವಿರುದ್ಧವಾಗದಂತೆ ಕೂಡಿಕೊಂಡಿರಬೇಕು. ಇವೆಲ್ಲವನ್ನೂ ಸರಕಾರದ ತನಿಖಾಧಿಕಾರಿಗಳು ಎಷ್ಟೋ ವರ್ಷಗಳಿಂದ ಹೇಳುತ್ತಲೇ ಇದ್ದರು. ಹೇಳಿಕೆಯು ಆಜ್ಞೆಯಾಗಲು ಆ ಎಂಬತ್ತು ಶವಗಳು ಬೇಕಾದವು.

ಇದನ್ನು ಮೊದಲ ಸಲ ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಾರಣವನ್ನು ಮುಚ್ಚಿಡುವುದು ಸರಿಯಲ್ಲ. ಕೃಷ್ಣಾ ಸ್ಟೇಷನ್ನಿಗೆ ಹೋದ ಆ ದಿನ ನಾವು ನಾಲ್ವತ್ತೆರಡು ಮಕ್ಕಳನ್ನು ಸರಕು ಸಾಗಿಸುವ ಟೆಂಪೊ ಒಂದರಲ್ಲಿ ನಿಲ್ಲಿಸಿಕೊಂಡು ಹೋಗಿದ್ದೆವು. ಬಸ್ಸಿನ ಬಾಡಿಗೆ ಹೆಚ್ಚು, ಶಾಲೆಯಲ್ಲಿ ಹಣವಿಲ್ಲ, ದಾರಿಯೂ ದೂರವಲ್ಲ ಎಂಬುದು ನಮ್ಮ ಸಮಾಧಾನ. ಹಿಂಬದಿಯ ಹಲಗೆಯ ಕೊಂಡಿ ಸಡಿಲಾಗಿತ್ತು. ಅದನ್ನು ಹಗ್ಗದಿಂದ ಕಟ್ಟಿದೆವು. ಏನೂ ಆಗಲಿಲ್ಲ, ಮಕ್ಕಳು ಹಾಡುತ್ತ ಹೋಗಿ ಹಾಡುತ್ತ ಬಂದರು. ಆರ್ಮಾದಲ್ಲಿಯೂ ಕಲ್ಲು ಕೊಟ್ಟವರು ಒಳ್ಳೆಯ ಜನರೇ ಆಗಿದ್ದಿರಬೇಕು. ನಮ್ಮ ಹಗ್ಗಕ್ಕೂ ಅವರ ಕಲ್ಲಿಗೂ ಇದ್ದ ವ್ಯತ್ಯಾಸವೇನೆಂದು ಯೋಚಿಸಿದರೆ, ನಮ್ಮ ದಾರಿಯು ಸಮತಟ್ಟಾಗಿತ್ತು ಎಂಬುದೊಂದೇ ಹೊಳೆಯಿತು.

ಗಾಯಗೊಂಡವರಿಗೆ, ಸತ್ತವರ ಮನೆಯವರಿಗೆ ಪರಿಹಾರ ದೊರೆಯುವ ಚರಿತ್ರೆಯೂ ವಿಚಿತ್ರವಾದುದೇ. ೧೮೦೮ರಲ್ಲಿ ಇಂಗ್ಲೆಂಡಿನಲ್ಲಿ ಕುದುರೆಸಾರೋಟೊಂದು ಮಗುಚಿ ಹೆಂಡತಿಯನ್ನು ಕಳೆದುಕೊಂಡವನೊಬ್ಬನು ಕೋರ್ಟಿಗೆ ಹೋದಾಗ, ಮನುಷ್ಯನ ಸಾವನ್ನು ಹಾನಿಯೆಂದು ಹೇಳಿಕೊಂಡು ಸಿವಿಲ್ ದಾವೆ ಹೂಡಲಾಗದೆಂದು ನ್ಯಾಯಾಧೀಶರು ತೀರ್ಮಾನಿಸಿದರು. ಕೈ ಮುರಿದರೆ ಪರಿಹಾರವುಂಟು. ಪ್ರಾಣ ಹೋದರೆ ಇಲ್ಲ! ಇನ್ನೊಂದು ಕಡೆ, ಸಾವಿಗೆ ಕಾರಣವಾದ ವಸ್ತುವನ್ನೇ ಅಪರಾಧಿಯೆಂದು ಎಣಿಸಿ ಅದರ ಬೆಲೆಯನ್ನು ದಂಡವಾಗಿ ವಸೂಲು ಮಾಡುವ ಹಳೆಯ ಪದ್ಧತಿಯೂ ಇದ್ದಿತು. ೧೮೪೧ರ ಕ್ರಿಸ್‌ಮಸ್ಸಿನ ಮುನ್ನಾದಿನ ಸಾನಿಂಗ್ ಎಂಬಲ್ಲಿ ಮಣ್ಣು ಕುಸಿದು, ತೆರೆದ ಬಂಡಿಗಳಲ್ಲಿ ಕುಳಿತಿದ್ದ ಬಡ ಕೂಲಿಗಾರರು ಸತ್ತಾಗ, ಪಂಚರು ಆ ಇಂಜನ್ನಿಗೂ ಬಂಡಿಗಳಿಗೂ ಸಾವಿರ ಪೌಂಡಿಗೆ ಕಡಮೆಯಿಲ್ಲದ ದಂಡ ವಿಧಿಸಿದರು. ಇಂಥ ದಂಡಗಳಿಂದ ಕಂಪನಿಗಳು ಗಾಬರಿಗೊಂಡವು. ೧೮೪೬ರಲ್ಲಿ ಆ ಪದ್ಧತಿಯನ್ನು ರದ್ದು ಮಾಡಿ, ಸತ್ತವನ ಹೆಂಡತಿಮಕ್ಕಳು ಪರಿಹಾರ ಕೇಳಬಹುದೆಂಬ ಕಾನೂನನ್ನು ತಂದರು. ಅದರ ಮಾದರಿಯಲ್ಲಿಯೇ ೧೮೫೫ರಲ್ಲಿ ನಮ್ಮ ದೇಶದ ಮಾರಕ ಅಪಘಾತಗಳ ಕಾನೂನು ಬಂದಿತು. ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿ ಆಗ ಎರಡು ವರ್ಷವಾಗಿತ್ತಷ್ಟೆ.

ಇನ್ನು ಆಸ್ಪತ್ರೆಯ ಕಡೆಗೆ ಹೊರಳೋಣ. ವಾಸಿಮಾಡುವ ಸ್ಥಳವೇ ಕೊಲ್ಲುವ ಸ್ಥಳವೂ ಆಗಬಹುದೆಂಬುದನ್ನು ಲೆಕ್ಕದಿಂದ ತೋರಿಸಿದವರಲ್ಲಿ ಮೊದಲು ಸ್ಮರಿಸಬೇಕಾದವರು ಹಂಗೇರಿಯ ಇಗ್ನಾಟ್ಸ್ ಸೆಮ್ಮೆಲ್‌ವೈಸ್. ಅವರು ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾಗಿದ್ದರು. ಅಲ್ಲಿ ಎರಡು ವಾರ್ಡುಗಳು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ೧೮೪೬ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಬಾಣಂತಿಯರು ಜ್ವರದಿಂದ ಸತ್ತರು; ಎರಡನೆಯದರಲ್ಲಿ ನೂರಕ್ಕೆ ಮೂರಕ್ಕಿಂತ ಕಡಮೆ. ಈ ಸುದ್ದಿಯು ಊರಿಗೆಲ್ಲ ತಿಳಿದಿತ್ತು. ಬಡ ಗರ್ಭಿಣಿಯರು ತಮ್ಮನ್ನು ಮೊದಲನೆಯ ವಾರ್ಡಿಗೆ ಹಾಕಬೇಡಿರೆಂದು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಬೀದಿಯಲ್ಲಿಯೇ ಹೆತ್ತು ಬಂದವರು ಕೂಡ ಅಲ್ಲಿ ಹೆತ್ತವರಿಗಿಂತ ಹೆಚ್ಚಾಗಿ ಬದುಕಿಕೊಳ್ಳುತ್ತಿದ್ದರು. ಕಲಿತವರ ಕೈಗಿಂತ ಕಲಿಯದ ಬೀದಿಯೇ ಲೇಸಾಗಿದ್ದಿತು.

೧೮೪೭ರ ಮಾರ್ಚಿಯಲ್ಲಿ ಅವರ ಸ್ನೇಹಿತರಾದ ಕೊಲೆಟ್ಶ್ಕಾ ಎಂಬ ವೈದ್ಯರು, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಕತ್ತಿಯ ಮೊನೆ ಬೆರಳಿಗೆ ತಾಗಿ, ಬಾಣಂತಿಯರಿಗೆ ಬರುತ್ತಿದ್ದಂಥ ಜ್ವರದಿಂದಲೇ ಸತ್ತರು. ಸೆಮ್ಮೆಲ್‌ವೈಸರಿಗೆ ಕತ್ತಲೆಯಲ್ಲಿ ಮಿಂಚು ಹೊಳೆದಂತಾಯಿತು. ಬೆಳಗ್ಗೆ ಶವಗಳನ್ನು ಕೊಯ್ದ ಕೈಗಳಿಂದಲೇ ವಿದ್ಯಾರ್ಥಿಗಳು ಹೆರಿಗೆಯ ಕೋಣೆಗೆ ಬರುತ್ತಿದ್ದರು; ಸೂಲಗಿತ್ತಿಯರಿಗೆ ಶವದ ಕೆಲಸವಿರಲಿಲ್ಲ. ಮೇ ತಿಂಗಳಲ್ಲಿ ಅವರು, ಯಾರೇ ಆಗಲಿ ಒಳಗೆ ಬರುವ ಮೊದಲು ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಕೈ ತೊಳೆಯಲೇಬೇಕೆಂದು ಕಟ್ಟಳೆ ಮಾಡಿದರು. ಏಪ್ರಿಲಿನಲ್ಲಿ ನೂರಕ್ಕೆ ೧೮ರಷ್ಟಿದ್ದ ಸಾವು ಜೂನಿನಲ್ಲಿ ಎರಡರ ಸುಮಾರಿಗೆ, ಜುಲೈಯಲ್ಲಿ ಒಂದರ ಸುಮಾರಿಗೆ ಇಳಿಯಿತು.

ಇಷ್ಟು ಸ್ಪಷ್ಟವಾದ ಲೆಕ್ಕವಿದ್ದರೂ ಹಿರಿಯ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ನಿಮ್ಮ ಕೈಯೇ ಕೊಂದಿತೆಂದು ಹೇಳಿದರೆ ಯಾರು ತಾನೆ ಸುಲಭವಾಗಿ ಒಪ್ಪಿಯಾರು? ಸೆಮ್ಮೆಲ್‌ವೈಸರೂ ನಯವಾಗಿ ಮಾತನಾಡುವ ಸ್ವಭಾವದವರಲ್ಲ. ತಮ್ಮ ವಿಚಾರವನ್ನು ಪುಸ್ತಕವಾಗಿ ಬರೆದದ್ದು ೧೮೬೧ರಷ್ಟು ತಡವಾಗಿ. ಅವರ ಕೆಲಸವು ಹೋಯಿತು, ಕೊನೆಗೆ ಬುದ್ಧಿಯೂ ಕದಡಿತು. ೧೮೬೫ನೆಯ ಆಗಸ್ಟ್ ೧೩ರಂದು ಹುಚ್ಚಾಸ್ಪತ್ರೆಯಲ್ಲಿ, ಗಾಯವೊಂದು ವಿಷವೇರಿ, ತಾವು ಜೀವಮಾನವೆಲ್ಲ ಹೋರಾಡಿದಂಥ ರೋಗದಿಂದಲೇ ಅವರು ತೀರಿಕೊಂಡರು.

ಅದರ ಹಿಂದಿನ ದಿನ, ಎಂದರೆ ಆಗಸ್ಟ್ ೧೨ರಂದು, ದೂರದ ಗ್ಲಾಸ್ಗೋ ನಗರದಲ್ಲಿ ಗಾಡಿಯ ಗಾಲಿ ಹರಿದು ಕಾಲು ಮುರಿದುಕೊಂಡ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಆಸ್ಪತ್ರೆಗೆ ತಂದಿದ್ದರು. ಜೇಮ್ಸ್ ಗ್ರೀನ್‌ಲೀಸ್ ಎಂದು ಅವನ ಹೆಸರು. ಎಲುಬು ಮುರಿದು ಚರ್ಮವೂ ಹರಿದಿದ್ದರೆ ಗಾಯವು ಕೊಳೆಯುವುದೂ ಕಾಲನ್ನೇ ಕತ್ತರಿಸುವುದೂ ಅಂದಿನ ರೂಢಿ. ವೈದ್ಯರಾದ ಜೋಸೆಫ್ ಲಿಸ್ಟರರು ಪಾಸ್ತರರ ಸೂಕ್ಷ್ಮಜೀವಿಗಳ ವಿಚಾರವನ್ನು ಓದಿದ್ದರು. ಅವರು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯಕ್ಕೆ ಕಟ್ಟಿದರು. ಹುಡುಗನು ಆರು ವಾರಗಳಲ್ಲಿ ಎರಡು ಕಾಲುಗಳ ಮೇಲೆಯೇ ನಡೆದುಕೊಂಡು ಮನೆಗೆ ಹೋದನು. ಲಿಸ್ಟರರು ೧೮೬೭ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಇಂದು ನಮ್ಮ ಹಳ್ಳಿಯ ಉಪಕೇಂದ್ರದ ನರ್ಸಮ್ಮನವರು ಗಾಯವನ್ನು ಮುಟ್ಟುವ ಮೊದಲು ಕೈ ತೊಳೆಯುವುದರ ಹಿಂದೆ ಈ ಎರಡು ದಿನಗಳಿವೆ. ಒಬ್ಬರು ಸಾಯುತ್ತಿದ್ದಾಗ ಇನ್ನೊಬ್ಬರು ಅದೇ ಕೆಲಸವನ್ನು, ಅವರ ಹೆಸರನ್ನೂ ಅರಿಯದೆ, ಎತ್ತಿಕೊಂಡಂತಾಯಿತು.

ಇದೆಲ್ಲ ದೂರದೇಶದ ಮಾತೆಂದು ವಾಚಕರು ಎಣಿಸಬಾರದು. ಆರ್ಮಾದ ಅನಾಹುತವಾದ ೧೮೮೯ರಲ್ಲಿಯೇ ಆಸ್ಪತ್ರೆಯ ಅಪಾಯವೊಂದರ ವಿಚಾರಣೆಯು ನಮ್ಮ ಹೈದರಾಬಾದಿನಲ್ಲಿ ನಡೆಯಿತು. ೧೮೪೭ರಲ್ಲಿ ಎಡಿನ್‌ಬರೋದ ಸಿಂಪ್ಸನ್ನರು ಕ್ಲೋರೊಫಾರ್ಮನ್ನು ಬಳಕೆಗೆ ತಂದಿದ್ದರು. ನೋವಿಲ್ಲದೆ ಶಸ್ತ್ರಕ್ರಿಯೆ ಮಾಡಬಹುದೆಂಬ ಸಂತೋಷವು ಮೂರು ತಿಂಗಳೂ ಇರಲಿಲ್ಲ. ೧೮೪೮ರ ಜನವರಿ ೨೮ರಂದು ಇಂಗ್ಲೆಂಡಿನಲ್ಲಿ ಹನ್ನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿಯು ಕಾಲುಗುರನ್ನು ತೆಗೆಸಿಕೊಳ್ಳಲು ಕುಳಿತು, ಕ್ಲೋರೊಫಾರ್ಮು ಮೂಸಿದ ಕೆಲವೇ ನಿಮಿಷಗಳಲ್ಲಿ ಸತ್ತಳು. ಅಂದಿನಿಂದ ವೈದ್ಯರಲ್ಲಿ ಎರಡು ಪಕ್ಷಗಳು. ರೋಗಿಯ ಉಸಿರನ್ನು ಗಮನಿಸಿದರೆ ಸಾಕು, ಅಪಾಯವಿಲ್ಲವೆಂದು ಒಂದು ಪಕ್ಷ. ಅಪಾಯವು ಹೃದಯಕ್ಕೇ ಉಂಟು, ನಾಡಿಯನ್ನು ಹಿಡಿದಿರಬೇಕೆಂದು ಇನ್ನೊಂದು ಪಕ್ಷ.

ಹೈದರಾಬಾದಿನ ರೆಸಿಡೆನ್ಸಿ ಸರ್ಜನರೂ ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥರೂ ಆಗಿದ್ದ ಎಡ್ವರ್ಡ್ ಲಾರಿ ಉಸಿರಿನ ಪಕ್ಷದವರು. ಅವರ ಪ್ರೇರಣೆಯಿಂದ ೧೮೮೮ರಲ್ಲಿ ಮೊದಲನೆಯ ಕ್ಲೋರೊಫಾರ್ಮ್ ಆಯೋಗವು ಕುಳಿತು, ಹೃದಯಕ್ಕೆ ಅಪಾಯವಿಲ್ಲವೆಂದಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯು ಇದನ್ನು ನಂಬಲಿಲ್ಲ. ಆಗ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ಸಾವಿರ ಪೌಂಡು ಕೊಟ್ಟು, ನಿಮ್ಮವರನ್ನೇ ಕಳುಹಿಸಿ ಪರೀಕ್ಷೆ ಮಾಡಿಸಿರೆಂದರು. ನಮ್ಮ ಹಳೆಯ ಜಿಲ್ಲಾಕೇಂದ್ರವಾದ ಮಹಬೂಬ್‌ನಗರವು ಹೊತ್ತಿರುವುದು ಇವರ ಹೆಸರನ್ನೇ. ೧೮೮೯ರ ಕೊನೆಯಲ್ಲಿ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ಔಷಧಶಾಸ್ತ್ರಜ್ಞರು ಬಂದರು. ನಾಯಿ, ಕೋತಿ, ಆಡು ಮೊದಲಾದ ನಾನೂರಕ್ಕೂ ಮಿಕ್ಕ ಮೂಕಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಈ ಕೆಲಸದಲ್ಲಿ ಪಾಲುಗೊಂಡವರಲ್ಲಿ ಹೈದರಾಬಾದಿನ ರೂಪಾಬಾಯಿ ಫರ್ದೂನ್‌ಜಿಯವರೂ ಒಬ್ಬರು. ಅರಿವಳಿಕೆ ಕೊಡುವ ವಿದ್ಯೆಯಲ್ಲಿ ಪಳಗಿದ ಲೋಕದ ಮೊದಲ ಮಹಿಳೆಯರ ಸಾಲಿನಲ್ಲಿ ಅವರ ಹೆಸರಿದೆ. ನಮ್ಮ ಹೆಣ್ಣುಮಕ್ಕಳ ಪಠ್ಯದಲ್ಲಿ ಇವರ ವಿಷಯವಾಗಿ ಒಂದು ಪುಟವಾದರೂ ಇರಬೇಕಾಗಿದ್ದಿತು.

ಎರಡನೆಯ ಆಯೋಗವೂ, ಉಸಿರು ಮೊದಲು ನಿಲ್ಲುತ್ತದೆ, ಹೃದಯ ಅನಂತರ ಎಂದೇ ತೀರ್ಪಿತ್ತಿತು. ಆ ತೀರ್ಪು ಪೂರ್ಣಸತ್ಯವಾಗಿರಲಿಲ್ಲ. ಕ್ಲೋರೊಫಾರ್ಮು ಸ್ವಲ್ಪವೇ ಏರಿದ ಸ್ಥಿತಿಯಲ್ಲಿಯೂ ಹೃದಯವು ಒಮ್ಮೆಲೆ ಕಂಪಿಸಿ ನಿಲ್ಲಬಹುದೆಂಬುದನ್ನು ಲೆವಿ ಎಂಬವರು ೧೯೧೧ರ ಸುಮಾರಿಗೆ ತೋರಿಸಿಕೊಟ್ಟರು. ಕಾಲುಗುರಿನ ಹುಡುಗಿಯು ಸತ್ತದ್ದು ಹಾಗೆಯೇ ಇರಬಹುದೆಂದು ಅನೇಕರ ಊಹೆ. ಆಯೋಗದ ಸಿದ್ಧಾಂತವು ಕೆಡವಿತಾದರೂ, ಅರಿವಳಿಕೆ ಕೊಡುವವನು ಬೇರೆ ಯಾವ ಕೆಲಸಕ್ಕೂ ಕೈಹಾಕದೆ ರೋಗಿಯ ಉಸಿರಿನ ಮೇಲೆಯೇ ಕಣ್ಣಿಟ್ಟಿರಬೇಕೆಂಬ ಅದರ ಕಟ್ಟಳೆಯು ಉಳಿಯಿತು. ತಪ್ಪು ವಾದದಿಂದ ಒಳ್ಳೆಯ ನಿಯಮವು ಹುಟ್ಟುವುದೂ ಉಂಟು! ವಿಜ್ಞಾನದ ಪಾಠ ಮಾಡುವ ನಮ್ಮ ಮಿತ್ರರು ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಬಹುಕಾಲ ಮರೆಯಲಾರರು.

ಮಹಬೂಬ್‌ನಗರದ ಹೆಸರು ಬಂದ ಮೇಲೆ ೧೯೫೬ರ ಮಾತನ್ನು ಹೇಳದೆ ಇರಲಾಗದು. ಆ ವರ್ಷದ ಸೆಪ್ಟೆಂಬರ್ ೨ರ ರಾತ್ರಿ ಜಡಚರ್ಲಾ–ಮಹಬೂಬ್‌ನಗರಗಳ ನಡುವೆ ಮಳೆಯ ನೀರಿನ ಹೊಡೆತಕ್ಕೆ ಸೇತುವೆಯೊಂದು ಕುಸಿದು ಗಾಡಿಯು ನೀರಿಗೆ ಬಿದ್ದಿತು. ಸತ್ತವರು ನೂರಕ್ಕೂ ಮಿಕ್ಕಿ. ರೈಲ್ವೆ ಮಂತ್ರಿಗಳಾಗಿದ್ದ ಲಾಲ್ ಬಹಾದೂರ್ ಶಾಸ್ತ್ರಿಯವರು ರಾಜೀನಾಮೆ ಕೊಡಮಾಡಿದರು, ನೆಹರೂರವರು ಸ್ವೀಕರಿಸಲಿಲ್ಲ. ನವೆಂಬರ್ ೨೩ರಂದು ಮದ್ರಾಸ್ ರಾಜ್ಯದ ಅರಿಯಲೂರಿನ ಹತ್ತಿರ ಪ್ರವಾಹದಿಂದಲೇ ಇನ್ನೊಂದು ಗಾಡಿ ಹೊಳೆಗೆ ಬಿದ್ದು ನೂರನಾಲ್ವತ್ತಕ್ಕೂ ಹೆಚ್ಚು ಜನರು ಸತ್ತರು. ಈ ಸಲ ಶಾಸ್ತ್ರಿಯವರು ಪಟ್ಟು ಬಿಡಲಿಲ್ಲ. ತಪ್ಪು ಅವರದೆಂದಲ್ಲ, ಹೊಣೆಯೆಂಬುದೊಂದು ಉಂಟೆಂದು ತೋರಲಿ ಎಂಬ ಕಾರಣದಿಂದ ನೆಹರೂರವರು ಅದನ್ನು ಸ್ವೀಕರಿಸಿದರು.

ಈ ಎರಡು ದುರಂತಗಳ ನಡುವೆಯೇ, ನವೆಂಬರ್ ೧ರಂದು, ರಾಜ್ಯಗಳ ಮರುವಿಂಗಡಣೆಯಾಯಿತು. ಹೊಳೆಯಾಚೆಯ ರಾಯಚೂರು ಮೈಸೂರಿಗೆ ಹೋಯಿತು. ಹೊಳೆಯೀಚೆಯ ನಾವು ಆಂಧ್ರಪ್ರದೇಶಕ್ಕೆ ಸೇರಿ, ೨೦೧೪ರಲ್ಲಿ ತೆಲಂಗಾಣದವರಾದೆವು. ಸೇತುವೆ ಬಿದ್ದಾಗ ಹೈದರಾಬಾದ್ ರಾಜ್ಯದ ಪ್ರಜೆಗಳಾಗಿದ್ದ ನಮ್ಮ ಅಜ್ಜಂದಿರು ಮಂತ್ರಿಗಳ ರಾಜೀನಾಮೆಯ ಸುದ್ದಿಯನ್ನು ಕೇಳುವ ಹೊತ್ತಿಗೆ ಬೇರೆ ರಾಜ್ಯದವರಾಗಿದ್ದರು. ಇದ್ದದ್ದು ಮಾತ್ರ ಅದೇ ಜಗುಲಿಯ ಮೇಲೆ.

ನಮ್ಮ ದೇಶದ ರೈಲುದಾರಿಗಳ ಸುರಕ್ಷತೆಯನ್ನು ಪರೀಕ್ಷಿಸುವ ಅಧಿಕಾರಿಗಳ ವಿಷಯದಲ್ಲಿ ಒಂದು ವಿವೇಕದ ಏರ್ಪಾಡಿದೆ. ೧೮೯೦ರ ರೈಲ್ವೆ ಕಾನೂನು, ಹೊಸ ದಾರಿಯನ್ನು ಪರೀಕ್ಷಿಸದೆ ಜನರನ್ನು ಸಾಗಿಸಬಾರದೆಂದೂ ಅಪಘಾತವನ್ನು ವರದಿ ಮಾಡಲೇಬೇಕೆಂದೂ ವಿಧಿಸಿತ್ತು. ಆದರೆ ಪರೀಕ್ಷಿಸುವವರೂ ರೈಲ್ವೆ ಮಂಡಳಿಯ ಕೈಕೆಳಗೇ ಇದ್ದರು. ೧೯೪೧ರಲ್ಲಿ ಅವರನ್ನು ಅದರಿಂದ ಬಿಡಿಸಿ ಬೇರೆ ಇಲಾಖೆಗೆ ಸೇರಿಸಿದರು. ಇಂದಿಗೂ ಅವರು ವಿಮಾನಯಾನದ ಮಂತ್ರಿಶಾಖೆಗೆ ಸೇರಿದ್ದಾರೆ. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವ ವಿದ್ಯಾರ್ಥಿಯು ಎಂದಾದರೂ ನಪಾಸಾದುದುಂಟೆ?

ರಸ್ತೆಯ ಕಥೆಯು ರೈಲಿನದಕ್ಕಿಂತ ಭೀಕರವಾದದ್ದು, ಆದರೆ ಅದನ್ನು ಬೇಗ ಹೇಳಿಬಿಡುತ್ತೇವೆ. ದಿನವೂ ಪತ್ರಿಕೆಗಳಲ್ಲಿ ಬರುವುದು ಅದೇ. ಮೋಟಾರು ವಾಹನಗಳ ಕಾನೂನು ೧೯೧೪ರಲ್ಲಿ ಬಂದು, ೧೯೩೯ರಲ್ಲಿಯೂ ೧೯೮೮ರಲ್ಲಿಯೂ ಹೊಸದಾಯಿತು. ಸ್ವೀಡನ್ನಿನ ನಿಲ್ಸ್ ಬೋಲಿನ್ ೧೯೫೯ರಲ್ಲಿ ಮೂರು ಕಡೆ ಬಿಗಿಯುವ ಸೀಟುಪಟ್ಟಿಯನ್ನು ನಿರ್ಮಿಸಿದಾಗ, ಅವರ ಕಂಪನಿಯು ಇತರರೂ ಅದನ್ನು ಬಳಸಲೆಂದು ಹಕ್ಕನ್ನು ಬಿಟ್ಟುಕೊಟ್ಟಿತು. ಇಷ್ಟಾದರೂ ೨೦೨೨ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ ೧,೬೮,೪೯೧ ಮಂದಿ ಸತ್ತರು. ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ಬಸ್ಸೊಂದು ೨೦೧೩ನೆಯ ಅಕ್ಟೋಬರ್ ೩೦ರ ನಸುಕಿನಲ್ಲಿ ನಮ್ಮ ಅಂದಿನ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿಕೊಂಡಾಗ, ೪೫ ಜನರು ಕುಳಿತಲ್ಲಿಯೇ ಬೆಂದುಹೋದರು. ಆರ್ಮಾದ ಬೀಗ ಹಾಕಿದ ಬಾಗಿಲುಗಳು ಇಲ್ಲಿ ಯಾರಿಗೆ ತಾನೆ ನೆನಪಾಗವು?

೨೦೧೪ರ ಜುಲೈ ೨೪ರಂದು ಮೇದಕ ಜಿಲ್ಲೆಯ ಮಾಸಾಯಿಪೇಟೆಯಲ್ಲಿ, ಕಾವಲಿಲ್ಲದ ರೈಲ್ವೆ ದಾಟುಗಟ್ಟೆಯಲ್ಲಿ, ಶಾಲೆಯ ಬಸ್ಸಿಗೆ ಗಾಡಿಯು ಬಡಿದು ಹತ್ತಕ್ಕೂ ಮಿಕ್ಕ ಮಕ್ಕಳು ಸತ್ತರು. ಮುಂದೆ ೨೦೧೯ರ ಆರಂಭದ ಹೊತ್ತಿಗೆ ದೇಶದ ಅಗಲ ಹಳಿಯ ದಾರಿಗಳಲ್ಲಿ ಇಂಥ ಕಾವಲಿಲ್ಲದ ಗಟ್ಟೆಗಳನ್ನೆಲ್ಲ ಮುಚ್ಚಿದರು, ಇಲ್ಲವೆ ಕಾವಲಿಟ್ಟರು.

ರಸ್ತೆಯೂ ಆಸ್ಪತ್ರೆಯೂ ಒಂದಾಗುವ ಮೊಕದ್ದಮೆಯೊಂದು ನಮ್ಮ ಸುಪ್ರೀಂ ಕೋರ್ಟಿನಲ್ಲಿ ೧೯೮೯ರಲ್ಲಿ ತೀರ್ಮಾನವಾಯಿತು. ಸ್ಕೂಟರಿನಲ್ಲಿ ಹೋಗುತ್ತಿದ್ದವನೊಬ್ಬನಿಗೆ ಕಾರು ಬಡಿಯಿತು. ನೋಡಿದವರು ಆಸ್ಪತ್ರೆಗೆ ಒಯ್ದರು. ಇದು ಪೋಲೀಸು ಸಂಬಂಧದ ಪ್ರಕರಣ, ಇದಕ್ಕೆ ನಮಗೆ ಅಧಿಕಾರವಿಲ್ಲ, ಇಪ್ಪತ್ತು ಕಿಲೋಮೀಟರು ದೂರದ ಇನ್ನೊಂದು ಆಸ್ಪತ್ರೆಗೆ ಒಯ್ಯಿರಿ ಎಂದು ಅಲ್ಲಿನವರು ಹೇಳಿದರು. ದಾರಿಯಲ್ಲಿಯೇ ಅವನ ಪ್ರಾಣ ಹೋಯಿತು. ಪತ್ರಿಕೆಯಲ್ಲಿ ಬಂದ ಈ ವರದಿಯನ್ನು ಹಿಡಿದು ಪರಮಾನಂದ ಕಟಾರಾ ಎಂಬವರು ಅರ್ಜಿ ಹಾಕಿದರು. ಮೊದಲು ಪ್ರಾಣ, ಅನಂತರ ಕಾಗದಪತ್ರ. ಸರಕಾರಿಯಾಗಲಿ ಖಾಸಗಿಯಾಗಲಿ ಯಾವ ವೈದ್ಯನೂ ಗಾಯಾಳುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲವೆಂದು ನ್ಯಾಯಾಲಯವು ವಿಧಿಸಿತು. ಆದರೂ ಸಾಕ್ಷಿ ಹೇಳುವ ಕಾಟಕ್ಕೆ ಹೆದರಿ ಜನರು ರಸ್ತೆಯಲ್ಲಿ ಬಿದ್ದವನನ್ನು ಎತ್ತುತ್ತಿರಲಿಲ್ಲ. ಎತ್ತಿದವನನ್ನು ಪೀಡಿಸಕೂಡದೆಂಬ ನ್ಯಾಯಾಲಯದ ಸೂತ್ರಗಳು ೨೦೧೬ರಲ್ಲಿ ಕಡ್ಡಾಯವಾದವು. ೨೦೧೯ರ ತಿದ್ದುಪಡಿಯಲ್ಲಿ ಅವು ಮೋಟಾರು ಕಾನೂನಿಗೇ ಸೇರಿದವು. ಈ ಒಂದು ಸಂಗತಿಯನ್ನಾದರೂ ಮಕ್ಕಳು ತಮ್ಮ ಮನೆಯ ಹಿರಿಯರಿಗೆ ಓದಿ ಹೇಳಬೇಕೆಂದು ನಮ್ಮ ಕೋರಿಕೆ. ಅಪಘಾತದ ಸ್ಥಳದಿಂದ ಆಸ್ಪತ್ರೆಗೆ ಸೇರಿಸಿದವನು ತನ್ನ ಹೆಸರನ್ನು ಕೂಡ ಹೇಳಬೇಕಾಗಿಲ್ಲ.

ಗಾಡಿಯ ವಿದ್ಯೆಯು ಆಸ್ಪತ್ರೆಗೆ ನೆರವಾದದ್ದೂ ಉಂಟು. ೧೯೩೫ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಹೊಸ ಬಾಂಬರು ವಿಮಾನವೊಂದು ಪರೀಕ್ಷೆಯ ದಿನ ಮೇಲೇರಿ ಬಿದ್ದು ಇಬ್ಬರು ಸತ್ತರು. ಯಂತ್ರದಲ್ಲಿ ದೋಷವಿರಲಿಲ್ಲ, ನೆಲದ ಮೇಲಿದ್ದಾಗ ಹಾಕುವ ಕೀಲವೊಂದನ್ನು ತೆಗೆಯಲು ಪಳಗಿದ ಚಾಲಕರೇ ಮರೆತಿದ್ದರು. ನೆನಪನ್ನು ನಂಬದೆ ಹಾರುವ ಮೊದಲು ಪಟ್ಟಿಯನ್ನು ಓದಿ ಒಂದೊಂದನ್ನೂ ನೋಡಬೇಕೆಂಬ ಪದ್ಧತಿಯು ಅಲ್ಲಿಂದ ಬೆಳೆಯಿತು. ಅದೇ ಬಗೆಯ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೦೮ರಲ್ಲಿ ಶಸ್ತ್ರಕ್ರಿಯೆಯ ಕೋಣೆಗೆ ತಂದಿತು. ರೋಗಿಯ ಹೆಸರೇನು, ಕೊಯ್ಯಬೇಕಾದದ್ದು ಎಡಗಡೆಯೋ ಬಲಗಡೆಯೋ, ಎಣಿಸಿದ ಬಟ್ಟೆ ಸೂಜಿಗಳು ಸರಿಯಾಗಿವೆಯೋ ಎಂಬಂಥ ಸಣ್ಣ ಪ್ರಶ್ನೆಗಳು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವುಗಳು ನೂರಕ್ಕೆ ಒಂದೂವರೆಯಿಂದ ಒಂದಕ್ಕೂ ಕೆಳಗೆ ಇಳಿದವು. ಪ್ರತಿದಿನ ಹಾಜರಿ ಕೂಗುವ ನಮಗೆ ಇದು ಅಪರಿಚಿತ ವಿದ್ಯೆಯೇನಲ್ಲ.

ಕಡೆಯದಾಗಿ ನಮ್ಮೂರಿನ ಒಂದು ಸಂಗತಿ. ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿಯು ಕೀಲುನೋವಿಗೆಂದು ಪೇಟೆಯ ಆಸ್ಪತ್ರೆಯೊಂದಕ್ಕೆ ಹೋಗಿ ಎರಡು ಸೀಸೆ ಔಷಧ ತಂದರು. ಒಂದು ಕುಡಿಯಲು, ಒಂದು ಹಚ್ಚಲು. ಎರಡರ ಮೇಲೂ ಬರೆದದ್ದು ಅಜ್ಜಿಗೆ ತಿಳಿಯದ ಲಿಪಿಗಳಲ್ಲಿ. ಬಾಯಿಂದ ಹೇಳಿದ್ದು ಮನೆ ಸೇರುವಷ್ಟರಲ್ಲಿ ಅದಲುಬದಲಾಯಿತು. ಹಚ್ಚುವುದನ್ನು ಕುಡಿದು ಎರಡು ದಿನ ವಾಂತಿ ಮಾಡಿಕೊಂಡು ಅವರು ಬದುಕಿದರು. ಅಜ್ಜಿಗೆ ಅಕ್ಷರ ಬರುತ್ತದೆ. ಕನ್ನಡದ ಪುರಾಣಗಳನ್ನು ಗಟ್ಟಿಯಾಗಿ ಓದಬಲ್ಲರು. ಮನೆಯಲ್ಲಿ ತೆಲುಗು ಕಲಿಯುತ್ತಿದ್ದ ಮೊಮ್ಮಗಳು ಅಂದು ಶಾಲೆಗೆ ಬಂದಿದ್ದಳು.

ಈಗ ನಮ್ಮ ಮಕ್ಕಳು ಶನಿವಾರ ಮಧ್ಯಾಹ್ನ ಉಪಕೇಂದ್ರಕ್ಕೆ ಹೋಗಿ, ನರ್ಸಮ್ಮನವರು ಹೇಳಿದಂತೆ, ಸೀಸೆಗಳಿಗೆ ಕನ್ನಡದ ಚೀಟಿ ಅಂಟಿಸಿ ಬರುತ್ತಾರೆ. ಹಚ್ಚುವುದಕ್ಕೆ ಕೈಯ ಚಿತ್ರ, ಕುಡಿಯುವುದಕ್ಕೆ ಚಮಚದ ಚಿತ್ರ. ಊರಾಚೆಯ ರಸ್ತೆಯ ತಿರುವಿನಲ್ಲಿ ತೆಲುಗಿನ ಹಲಗೆಯ ಕೆಳಗೆ ಕನ್ನಡದ ಹಲಗೆಯೊಂದನ್ನು, ಪಂಚಾಯಿತಿಯವರ ಅನುಮತಿ ಪಡೆದು, ತೂಗುಹಾಕಿದ್ದೇವೆ. ಅದನ್ನು ಬರೆದವನು ಅಂದು ಪ್ರಶ್ನೆ ಕೇಳಿದ ಹುಡುಗನೇ. ‘ನಿಧಾನ’ ಎಂಬುದರ ಕೆಳಗೆ, ನಾವು ಹೇಳದಿದ್ದರೂ, ಆ ತಿರುವಿನಲ್ಲಿ ಎರಡು ವರ್ಷದ ಹಿಂದೆ ಎತ್ತಿನ ಗಾಡಿಗೆ ಲಾರಿ ಬಡಿದ ತಾರೀಖನ್ನು ಅವನು ಬರೆದಿದ್ದಾನೆ. ಹೋದ ತಿಂಗಳ ಮಳೆಗೆ ಬಣ್ಣವು ಇಳಿದು ತಾರೀಖಿನ ಅಂಕೆಗಳು ಮಸುಕಾಗಿವೆ. ಡಬ್ಬಿಯಲ್ಲಿ ಬಣ್ಣವು ಸ್ವಲ್ಪ ಉಳಿದಿದೆ. ಬರುವ ಶನಿವಾರ ಅವನೇ ಮತ್ತೆ ಬರೆಯುತ್ತಾನಂತೆ.